ಜಾಗ ಉಳಿಸೋಕೆ ವೆಬ್‌ಪಿ ಮಾಡ್ತೀರಾ? ಮೊದಲು ಜಾಗ ಎಷ್ಟಿದೆ ನೋಡಿ

ಹೋಸ್ಟಿಂಗ್‌ನಲ್ಲಿ (ವೆಬ್‌ಸೈಟ್ ಇಡೋಕೆ ಬಾಡಿಗೆಗೆ ತಗೊಂಡ ಸರ್ವರ್) ಜಾಗ ತುಂಬ್ತಾ ಬಂದಿದೆ, ಫೋಟೋಗಳನ್ನೆಲ್ಲ ವೆಬ್‌ಪಿ, ಅಂದರೆ ಫೈಲು ಚಿಕ್ಕದಾಗೋ ಇನ್ನೊಂದು ಫಾರ್ಮ್ಯಾಟ್‌ಗೆ ಮಾಡಿದರೆ ಹಗುರ ಆಗುತ್ತೆ ಅಂತ ಯಾರಾದರೂ ಇವತ್ತು ರಾತ್ರಿ ಕೂರೋ ಯೋಚನೆಯಲ್ಲಿದ್ದರೆ ಐದು ನಿಮಿಷ ನಿಲ್ಲಿ. ನಾನು ಹಾಗೆ ಕೂತು ಒಂದು ತಿಂಗಳ ಫೋಟೋ ಕಳ್ಕೊಂಡಿದ್ದೇನೆ.

ಇಳಕಲ್‌ನಲ್ಲಿ ನಮ್ಮ ಮಾಮಾಂದು ಸೀರೆ ಅಂಗಡಿ. ಅದರ ವೆಬ್‌ಸೈಟ್ ನೋಡ್ಕೊಳ್ಳೋದು ನಾನು. ವರ್ಡ್‌ಪ್ರೆಸ್, 5 ಜಿಬಿಯ ಅಗ್ಗದ ಶೇರ್ಡ್ ಹೋಸ್ಟಿಂಗ್. 4.2 ಜಿಬಿ ಆಗಲೇ ತುಂಬಿತ್ತು, ಅದರಲ್ಲಿ ಫೋಟೋಗಳೇ 3.6. ವೆಬ್‌ಪಿ ಫೈಲು ಜೆಪೆಗ್‌ಗಿಂತ ಶೇ 25ರಿಂದ 34ರಷ್ಟು ಚಿಕ್ಕದು ಅಂತ ಗೂಗಲ್ ಹೇಳುತ್ತೆ, ಅದೇನೂ ಸುಳ್ಳಲ್ಲ. ಈ ಪರಿವರ್ತನೆ ಮಾಡೋ ಒಂದು ಪ್ಲಗಿನ್ (ವರ್ಡ್‌ಪ್ರೆಸ್ಸಿಗೆ ಸೇರಿಸೋ ಚಿಕ್ಕ ಪ್ರೋಗ್ರಾಂ) ಹಾಕಿದೆ, ಎಲ್ಲ ಫೋಟೋ ಆರಿಸಿ ಬಟನ್ ಒತ್ತಿದೆ.

ಇಂಥ ಪ್ಲಗಿನ್‌ಗಳು ಸಾಮಾನ್ಯವಾಗಿ ಹಳೇ ಫೈಲನ್ನ ತೆಗೆಯಲ್ಲ, ಅದರ ಪಕ್ಕದಲ್ಲೇ ಹೊಸದನ್ನ ಇಡ್ತವೆ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅದೂ ಅಲ್ಲದೆ ವರ್ಡ್‌ಪ್ರೆಸ್ಸಿಗೆ ಒಂದು ದೊಡ್ಡ ಫೋಟೋ ಕೊಟ್ಟರೆ 150, 300, 768, 1024, 1536, 2048 ಪಿಕ್ಸೆಲ್ ಅಂತ ಆರು ಚಿಕ್ಕ ಪ್ರತಿಗಳ ಮರಿ ಹಾಕುತ್ತೆ, ಜೊತೆಗೆ 2560ರದ್ದೊಂದು, ನೀವು ಕೊಟ್ಟ ಮೂಲ ಫೈಲೊಂದು. ಒಟ್ಟು ಎಂಟು. ಎಂಟಕ್ಕೂ ವೆಬ್‌ಪಿ ಅಂದರೆ ಹದಿನಾರು. ಶೇ 30 ಕಮ್ಮಿ ಅಂತ ಹಿಡಿದರೂ ನನಗೆ ಇನ್ನೂ 2.5 ಜಿಬಿ ಬೇಕಿತ್ತು. ಇದ್ದದ್ದು 800 ಎಂಬಿ.

ಮೂರನೇ ಒಂದು ಭಾಗ ಮುಗಿಯೋ ಹೊತ್ತಿಗೆ ಕೋಟಾ ಫುಲ್. ಮೇಲ್ ಕೂಡ ಅದೇ 5 ಜಿಬಿಯಲ್ಲಿ ಇರುತ್ತೆ ಅನ್ನೋದು ಗೊತ್ತಾಗಿದ್ದು ಮಾಮಾ ಫೋನ್ ಮಾಡಿದಾಗ. "ಏನಪಾ, ಪುಣೆದವ್ರು ಮೇಲ್ ಹಾಕಿದ್ರ ವಾಪಸ್ ಹೊಂಟೈತಂತ, ಏನ್ ಮಾಡಿ?"

ಆಗಲೇ ಪ್ಲಗಿನ್ ಮಾಡಿದ ಪ್ರತಿಗಳನ್ನ ಅಳಿಸಿ ಸುಮ್ನೆ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಮೊದಲು ಬ್ಯಾಕಪ್ ಜಿಪ್ ಅಳಿಸಿದೆ, ಅದೂ ಅಲ್ಲೇ ಕೂತು ಜಾಗ ತಿಂತಿತ್ತಲ್ಲ! (ಅದೇ ಖಾತೆಯಲ್ಲಿ ಇಟ್ಟಿದ್ದನ್ನ ಬ್ಯಾಕಪ್ ಅಂತ ಕರೆಯೋದೇ ತಪ್ಪು ಬಿಡಿ.) ಆಮೇಲೆ ಟರ್ಮಿನಲ್‌ನಲ್ಲಿ, ಅಂದರೆ ಸರ್ವರ್‌ಗೆ ಆದೇಶ ಟೈಪ್ ಮಾಡೋ ಕಿಟಕಿಯಲ್ಲಿ, ಎರಡು ಸಾಲು ಬರೆದೆ. ಮೊದಲನೇ ಸಾಲು ಫೋಲ್ಡರ್‌ನಲ್ಲಿರೋ ಜೆಪೆಗ್‌ಗಳನ್ನೆಲ್ಲ ವೆಬ್‌ಪಿ ಮಾಡುತ್ತೆ, ಎರಡನೇದು ಜೆಪೆಗ್‌ಗಳನ್ನೆಲ್ಲ ಅಳಿಸುತ್ತೆ. ನಡುವೆ ಒಂದು ಸೆಮಿಕೋಲನ್. ದೊಡ್ಡ ಫೋಲ್ಡರ್ ಮೊದಲು ಮುಗಿಸಿದರೆ ಬೇಗ ಜಾಗ ಬಿಡುತ್ತೆ ಅಂತ ದೀಪಾವಳಿ ತಿಂಗಳಿನದಕ್ಕೇ ಕೈ ಹಾಕಿ, ಎಂಟರ್ ಒತ್ತಿ ಊಟಕ್ಕೆ ಹೋದೆ.

ಸೆಮಿಕೋಲನ್‌ಗೆ ಹಿಂದಿನ ಕೆಲಸ ಆಯಿತೋ ಕೆಟ್ಟಿತೋ ಬೇಕಿಲ್ಲ, ಮುಂದಿನದನ್ನ ಓಡಿಸುತ್ತೆ ಅಷ್ಟೆ. ಜಿಪ್ ಹೋಗಿ ಸಿಕ್ಕ ಚೂರು ಜಾಗ ಅರ್ಧ ದಾರಿಯಲ್ಲೇ ಮುಗಿದು, ಅಲ್ಲಿಂದ ಮುಂದೆ ಹುಟ್ಟಿದ ವೆಬ್‌ಪಿಗಳೆಲ್ಲ 0 ಬೈಟ್. ಹೆಸರಿದೆ, ಒಳಗೆ ಏನೂ ಇಲ್ಲ. ಅಷ್ಟಾದ ಮೇಲೆ ಎರಡನೇ ಸಾಲು ಬಂದು ಜೆಪೆಗ್‌ಗಳನ್ನ ಗುಡಿಸಿ ಹಾಕಿತ್ತು. ಅನ್ನ ಸಾರು ಉಂಡು ಬಂದು ನೋಡಿದರೆ ಜಾಗ ಮಾತ್ರ ಬೇಕಾದಷ್ಟಿತ್ತು.

ಸರಿಯಾಗಿ ಪರಿವರ್ತನೆ ಆದವೂ ಚೆನ್ನಾಗಿರಲಿಲ್ಲ. ಇಳಕಲ್ ಸೀರೆ ನೋಡಿದವರಿಗೆ ತೋಪ್ ತೆನಿ ಸೆರಗು ಗೊತ್ತಿರುತ್ತೆ, ಕೆಂಪಿನ ಮೇಲೆ ಬಿಳಿ ಹಲ್ಲು ಹಲ್ಲು. ಆ ಹಲ್ಲಿನ ಅಂಚಿನಲ್ಲಿ ಕೆಂಪು ಹರಡಿಕೊಂಡು, ಬಣ್ಣ ಬಿಡೋ ಸೀರೆಯನ್ನ ಒಗೆದ ಹಾಗೆ ಕಾಣ್ತಿತ್ತು. ಮಾಮಾಗೆ ಸಿಟ್ಟು ಬಂದಿದ್ದು ಕಳೆದ ಫೋಟೋಗಳಿಗಿಂತ ಜಾಸ್ತಿ ಇದಕ್ಕೆ. ಲಾಸಿ ವೆಬ್‌ಪಿ (ಒಂದಷ್ಟು ವಿವರ ಬಿಟ್ಟು ಫೈಲು ಚಿಕ್ಕದು ಮಾಡೋ ಬಗೆ) ಬಣ್ಣವನ್ನ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಟ್ಟುಕೊಳ್ಳುತ್ತೆ. ಜೆಪೆಗ್ ಅಥವಾ ಎವಿಐಎಫ್ ಅನ್ನೋ ಇನ್ನೊಂದು ಫಾರ್ಮ್ಯಾಟ್‌ನಲ್ಲಿ ಪಿಕ್ಸೆಲ್‌ಗೊಂದು ಬಣ್ಣ ಇಡೋ ಆಯ್ಕೆ ಇದೆ, ಲಾಸಿ ವೆಬ್‌ಪಿಯಲ್ಲಿ ಅದೇ ಇಲ್ಲ. ಹೂವು, ಗುಡ್ಡ, ಮುಖಕ್ಕೆಲ್ಲ ಗೊತ್ತೇ ಆಗಲ್ಲ. ಕೆಂಪು ಅಕ್ಷರ, ಕೆಂಪು ಅಂಚು ಇದ್ದರೆ ಮೊದಲು ಒಂದೇ ಫೋಟೋ ಮಾಡಿ, ದೊಡ್ಡದು ಮಾಡಿ ನೋಡಿ. ಟರ್ಮಿನಲ್‌ನಲ್ಲಿ ವೆಬ್‌ಪಿ ಮಾಡೋ ಸಿವೆಬ್‌ಪಿ (cwebp) ಬಳಸೋರಾದರೆ ಅದರಲ್ಲಿ ಶಾರ್ಪ್ ವೈಯುವಿ (-sharp_yuv) ಅನ್ನೋ ಆಯ್ಕೆ ಹಾಕಿ, ಸುಮಾರು ವಾಸಿ.

ಈಗ ಈ ಕೆಲಸ ಸರ್ವರ್‌ನಲ್ಲಿ ಮಾಡೋದೇ ಇಲ್ಲ. ಎಲ್ಲ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು, ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿ, 1600 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ಆಮೇಲೆ ಪರಿವರ್ತಿಸ್ತೇನೆ. ನಿಜ ಹೇಳಬೇಕಂದರೆ ಜಾಗ ಉಳಿದಿದ್ದು ಈ ಕುಗ್ಗಿಸಿದ್ದರಿಂದಲೇ ಜಾಸ್ತಿ, ವೆಬ್‌ಪಿಯಿಂದ ಅಲ್ಲ. ಥೀಮ್ ಬಳಸದ ಮರಿ ಸೈಜ್‌ಗಳನ್ನೂ ನಿಲ್ಲಿಸಿದ್ದೇನೆ. ಟರ್ಮಿನಲ್‌ನಲ್ಲೇ ಮಾಡ್ತೀನಿ ಅನ್ನೋರು ಸೆಮಿಕೋಲನ್ ಬದಲು ಎರಡು ಆಂಪರ್‌ಸ್ಯಾಂಡ್ (&&) ಹಾಕಿ, ಹಿಂದಿನ ಕೆಲಸ ಸರಿಯಾಗಿ ಆದರೆ ಮಾತ್ರ ಅದು ಮುಂದಿನದನ್ನ ಓಡಿಸುತ್ತೆ, ಅದೂ ಒಂದೊಂದು ಫೈಲಿಗೆ. ಅಳಿಸೋ ಮುಂಚೆ 0 ಬೈಟ್ ಫೈಲು ಇದೆಯಾ ಅಂತ ಹುಡುಕಿ.

ದೀಪಾವಳಿ ಫೋಟೋಗಳಲ್ಲಿ ಒಂದಷ್ಟು ಮಾಮಾನ ವಾಟ್ಸಾಪ್‌ನಲ್ಲಿ ಸಿಕ್ಕವು, ವಾಟ್ಸಾಪ್ ಆಗಲೇ ಹಿಂಡಿದ್ದವು. ಉಳಿದ ಮೂವತ್ತೆಂಟಕ್ಕೆ ದಾರಿಯಿಲ್ಲ. ಮತ್ತೆ ತೆಗೆಯೋಣ ಅಂದರೆ ಆ ಸೀರೆಗಳು ಮಾರಿ ಹೋಗಿವೆ.