ದೆಹಲಿಯ ವಿದೇಶಿ ಬ್ಯೂರೊ ಅಥವಾ ಬೆಂಗಳೂರಿನ ರಾಯಿಟರ್ಸ್?
ವಿದೇಶಿ ಪತ್ರಿಕೆಯ ದೆಹಲಿ ಬ್ಯೂರೊದಲ್ಲಿ ವರದಿಗಾರ-ಸಂಶೋಧಕರಾಗುವುದೋ, ಅಂತರರಾಷ್ಟ್ರೀಯ ಸುದ್ದಿಸಂಸ್ಥೆ ರಾಯಿಟರ್ಸ್‌ನ ಬೆಂಗಳೂರು ಸುದ್ದಿಮನೆ ಸೇರುವುದೋ ಎಂಬುದು ನಿಮ್ಮ ಪ್ರಶ್ನೆ. ದೆಹಲಿಯಲ್ಲಿ ನ್ಯಾಯಾಲಯದ ಆದೇಶಗಳನ್ನು ಓದುವುದು, ಮಾತನಾಡಲು ಹಿಂಜರಿಯುವವರನ್ನು ಸಂದರ್ಶನಕ್ಕೆ ಒಪ್ಪಿಸುವುದು, ಹಿಂದಿಯಿಂದ ಅನುವಾದಿಸುವುದು, ಅಚ್ಚಿಗೆ ಮುನ್ನ ಪ್ರತಿ ಅಂಕಿಯನ್ನೂ ತಾಳೆ ನೋಡುವುದು ಎಲ್ಲವೂ ನಿಮ್ಮ ಪಾಲಿಗೇ ಬರುತ್ತದೆ. ಒಂದೇ ವರದಿಗೆ ವಾರಗಟ್ಟಲೆ ಸಮಯ ಸಿಕ್ಕರೂ ನಿಮ್ಮ ಹೆಸರು ಕೆಲವೊಮ್ಮೆ ಕೊನೆಯ ಸಾಲಿನಲ್ಲಷ್ಟೇ ಇರುತ್ತದೆ, ಇದನ್ನು ಕೆಲಸದ ಸಂದರ್ಶನದಲ್ಲೇ ಕೇಳಿಕೊಳ್ಳಿ. 2004ರಲ್ಲಿ ಆರಂಭವಾದ ಬೆಂಗಳೂರು ಕೇಂದ್ರದಲ್ಲಿ ಅಮೆರಿಕದ ಕಂಪನಿಗಳ ಹಣಕಾಸು ಫಲಿತಾಂಶಗಳಿಗೆ ಪ್ರಾಧಾನ್ಯ; ಪಾಳಿ ನ್ಯೂಯಾರ್ಕ್ ಷೇರುಪೇಟೆಯ ವೇಳೆಗೆ ಹೊಂದಿಕೊಂಡು ರಾತ್ರಿಗೆ ಜಾರುತ್ತದೆ, ವೇಗವೇ ಅಲ್ಲಿ ಮುಖ್ಯ. ಬಡ್ತಿಯ ಮೆಟ್ಟಿಲುಗಳು ಬೆಂಗಳೂರಿನಂಥ ದೊಡ್ಡ ಸುದ್ದಿಮನೆಯಲ್ಲೇ ಹೆಚ್ಚು. ಹಿಂದಿ ಸಲೀಸಾಗಿದ್ದು ತಿರುಗಾಟ ಹಿಡಿಸುವವರಿಗೆ ದೆಹಲಿ ಒಗ್ಗೀತು. ಬ್ಯಾಲೆನ್ಸ್ ಶೀಟ್ (ಕಂಪನಿಯ ಆಸ್ತಿ-ಸಾಲದ ಪಟ್ಟಿ) ಓದಬಲ್ಲ, ಬೆಂಗಳೂರು ಬಿಡಲಾಗದ ಹೊಸಬರಿಗೆ ರಾಯಿಟರ್ಸೇ ಅನುಕೂಲ.