ಜಪಾನಿ ದನಿಯೋ, ಇಂಗ್ಲಿಷ್ ಡಬ್ಬಿಂಗೋ?

ಅನಿಮೆಗೂ (ಜಪಾನಿನ ಕಾರ್ಟೂನ್) ಗೇಮಿಗೂ ಒಂದೇ ಉತ್ತರ ನಡೆಯದು.

ಮಾತಿನ ಸೂಕ್ಷ್ಮ ಬೇಕೆಂದರೆ ಜಪಾನಿ. ‘ನಾನು’ ಎನ್ನಲು ಅಲ್ಲಿ ಒಬ್ಬ ‘ಬೊಕು’ ಎಂದರೆ ಇನ್ನೊಬ್ಬ ‘ಒರೆ’ ಎನ್ನುತ್ತಾನೆ. ಮೊದಲನೆಯದು ಮೆದು, ಎರಡನೆಯದು ಗತ್ತು. ಇಂಗ್ಲಿಷಿನಲ್ಲಿ ಎರಡೂ ‘ಐ’. ಗೌರವಕ್ಕೆಂದು ಹೆಸರಿಗೆ ಅಂಟುವ ‘ಸಾನ್’, ‘ಸಾಮಾ’ ಬಿದ್ದುಹೋದರೆ ಆಗುವ ನಷ್ಟ, ನೀನು–ನೀವು ಬಳಸುವ ನಮಗೆ ಬೇಗ ಗೊತ್ತಾಗುತ್ತದೆ. ಹದಿಹರೆಯದ ಪಾತ್ರಗಳ ಚೀರಾಟ ಮಾತ್ರ ಎಲ್ಲರ ಕಿವಿಗೂ ಹಿಡಿಸದು.

ಸಬ್‌ಟೈಟಲ್ ಓದಲಾಗದೆ, ಅಡುಗೆ ಮಾಡುತ್ತಾ ನೋಡುವವರಿಗೆ ಡಬ್ಬಿಂಗೇ ಸರಿ. 1998ರ ‘ಕೌಬಾಯ್ ಬೀಬಾಪ್’ನಂಥ ಅನಿಮೆಯಲ್ಲಿ ಇಂಗ್ಲಿಷ್ ದನಿಯೂ ಸೊಗಸಾಗಿದೆ.

ಗೇಮಿನಲ್ಲಿ ಲೆಕ್ಕ ಬೇರೆ. ಸರದಿಯಂತೆ ಆಡುವ ಆಟದಲ್ಲಿ ಬಟನ್ ಒತ್ತುವವರೆಗೆ ಮಾತಿನ ಸಾಲು ಸಾಮಾನ್ಯವಾಗಿ ಕಾಯುತ್ತದೆ, ಜಪಾನಿ ಆರಾಮ. ಕತ್ತಿ ಬೀಸುತ್ತಾ ಓದುವುದು ಕಷ್ಟ. ದಾರಿಹೋಕರ ಮಾತಿಗೆ ಎಷ್ಟೋ ಕಡೆ ಸಬ್‌ಟೈಟಲ್ಲೇ ಇರುವುದಿಲ್ಲ. ತುಟಿಯನ್ನೂ ನೋಡಿ: 2020ರ ‘ಘೋಸ್ಟ್ ಆಫ್ ತ್ಸುಶಿಮಾ’ ಜಪಾನಿನ ಕಥೆಯಾದರೂ ಪಿಎಸ್4ರಲ್ಲಿ (ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 4) ತುಟಿ ಆಡುವುದು ಇಂಗ್ಲಿಷಿಗೆ. ಜಪಾನಿಗೆ ಹೊಂದುವ ತುಟಿ ಬಂದದ್ದು 2021ರಲ್ಲಿ, ಪಿಎಸ್5ಕ್ಕೆ ಬಂದ ಹೊಸ ಆವೃತ್ತಿ ಡೈರೆಕ್ಟರ್ಸ್ ಕಟ್‌ನಲ್ಲಿ. ಪಿಎಸ್4 ಇದ್ದರೆ ಇಂಗ್ಲಿಷೇ ಕಣ್ಣಿಗೆ ಹಿತ.

ಅನಿಮೆಗೆ ಜಪಾನಿ ಆರಿಸಿದಿರಾದರೆ ಒಂದು ಎಚ್ಚರ: ಸಬ್‌ಟೈಟಲ್ ಪಟ್ಟಿಯಲ್ಲಿ ‘ಸಿಸಿ’ (ಕ್ಲೋಸ್ಡ್ ಕ್ಯಾಪ್ಶನ್) ಎಂದಿರುವುದು ಹೆಚ್ಚಾಗಿ ಡಬ್ಬಿಂಗಿನ ಮಾತಿನ ಬರಹ. ಕೇಳುವುದೊಂದು, ಓದುವುದೊಂದು ಆಗುತ್ತದೆ. ಬರೀ ‘ಇಂಗ್ಲಿಷ್’ ಎಂದಿರುವುದನ್ನು ಒತ್ತಿ.