21 ದಿನದ ಗ್ಯಾರಂಟಿ ನಂಬಿ ತಮ್ಮನನ್ನು ಕಳೆದುಕೊಳ್ಳುವುದರಲ್ಲಿದ್ದೆ

ಆ ರಾತ್ರಿ ತಮ್ಮ ಜೋರಾಗಿ ಗೊರಕೆ ಹೊಡೆಯುತ್ತಿದ್ದ. ಹಾಲ್‌ನಲ್ಲಿ ಕೂತಿದ್ದ ನನಗೆ ಅದನ್ನು ಕೇಳಿ ಖುಷಿಯೇ ಆಯಿತು. ತಿಂಗಳುಗಟ್ಟಲೆ ನೆಟ್ಟಗೆ ಮಲಗದ ಹುಡುಗ, ಅಂತೂ ಇವತ್ತು ನಿದ್ದೆ ಬಂತಲ್ಲ ಅಂದುಕೊಂಡು ಟಿವಿ ಸದ್ದು ಕೂಡ ಸಣ್ಣದು ಮಾಡಿದೆ. ಅದು ಉಸಿರು ಕಟ್ಟುತ್ತಿರುವವನ ಸದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು?

ವ್ಯಸನಮುಕ್ತಿ ಕೇಂದ್ರದಿಂದ ಅವನು ಮನೆಗೆ ಬಂದು ಅವತ್ತಿಗೆ ಮೂರೇ ದಿನ. ಆ ಕೇಂದ್ರದ ಬಗ್ಗೆಯೇ ಈ ಬರಹ. ಹೆಸರು ಹಾಕುವುದಿಲ್ಲ. ಆ ಒಂದು ಹೆಸರಿನಿಂದ ನೀವು ತಪ್ಪಿಸಿಕೊಂಡರೂ ಅಂಥದ್ದೇ ಇನ್ನೊಂದು ಸಿಗುತ್ತದೆ. ಅದರ ಚಹರೆ ಹೇಗಿರುತ್ತದೆ ಅಂತ ಹೇಳುತ್ತೇನೆ, ಅದೇ ಜಾಸ್ತಿ ಉಪಯೋಗ.

ಶುರುವಾಗಿದ್ದು ಬೆನ್ನಿನ ಆಪರೇಷನ್ ಆದಮೇಲೆ ಕೊಟ್ಟ ನೋವಿನ ಮಾತ್ರೆಯಿಂದ. ಅಫೀಮಿನ ಜಾತಿಯ ಮಾತ್ರೆ, ಡಾಕ್ಟರೇ ಬರೆದಿದ್ದು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಚೀಟಿ ನಿಂತಮೇಲೆ ಅವರಿವರಿಂದ ತರಿಸಿಕೊಂಡ, ಅದೂ ಸಿಗದಾದಾಗ ಪುಡಿಗೆ, ಅಂದರೆ ಹೆರಾಯಿನ್‌ಗೆ ಬಂದ. ಈ ಭಾಗ ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ ಒಂದೇ, ಎಳೆಯುವುದಿಲ್ಲ.

ನಿಜ ಹೇಳಬೇಕೆಂದರೆ ಅವನಿಗೆ ಮೊದಲು ಸಿಕ್ಕಿದ್ದು ಸರಿಯಾದ ಚಿಕಿತ್ಸೆಯೇ. ದೂರದ ಒಂದು ಕ್ಲಿನಿಕ್‌ನಲ್ಲಿ ಮೆಥಡೋನ್ ಕೊಡುತ್ತಿದ್ದರು, ಅಫೀಮಿನ ಜಾತಿಯದ್ದೇ ಆದರೂ ನಿಧಾನವಾಗಿ ಕೆಲಸ ಮಾಡಿ ಚಟದ ಸಂಕಟ ತಡೆಯುವ ಔಷಧಿ. ದಿನಾ ಬೆಳಿಗ್ಗೆ 9ರಿಂದ 11ರೊಳಗೆ ಹೋಗಿ ಅವರ ಕಣ್ಣೆದುರೇ ಕುಡಿಯಬೇಕು. ನಾಲ್ಕು ವಾರ ಚೆನ್ನಾಗಿ ನಡೆಯಿತು. ಊಟ ಮಾಡುತ್ತಿದ್ದ, ನಗುತ್ತಿದ್ದ. ಆಮೇಲೆ ಅವನ ಶಿಫ್ಟ್ ಬೆಳಗಿನದಾಯಿತು. ಕೆಲಸ ಬಿಡಬೇಕು, ಇಲ್ಲ ಔಷಧಿ ಬಿಡಬೇಕು. ಮೂರು ದಿನ ಹೋಗಲಾಗಲಿಲ್ಲ, ನಾಲ್ಕನೇ ದಿನ ಹೋದರೆ ಹೆಸರು ಹೊಡೆದುಹಾಕಿದ್ದರು. "ಮತ್ತೆ ಮೊದಲಿಂದ ಅರ್ಜಿ ಹಾಕಿ, ಸರದಿ ಬಂದಾಗ ಕರೆಯುತ್ತೇವೆ." ನಾನು ಆಗ ಬೈದಿದ್ದು ತಮ್ಮನನ್ನು. ಬದುಕಿಸುವ ಔಷಧಿಯನ್ನು ಎರಡು ಗಂಟೆಯ ಕಿಟಕಿಯ ಹಿಂದೆ ಇಟ್ಟವರನ್ನು ಏನೂ ಕೇಳಲಿಲ್ಲ. ಈಗ ಯೋಚಿಸಿದರೆ ನಮ್ಮ ಕತೆ ಹಳಿ ತಪ್ಪಿದ್ದು ಅಲ್ಲೇ.

ಆ ಆತುರದಲ್ಲಿ ಜಾಹೀರಾತು ಕಣ್ಣಿಗೆ ಬಿತ್ತು. 21 ದಿನ. ಔಷಧಿಯೇ ಇಲ್ಲದೆ ಸಂಪೂರ್ಣ ಮುಕ್ತಿ. ಗ್ಯಾರಂಟಿ. ನನ್ನ ಎರಡು ತಿಂಗಳ ಸಂಬಳ ಮುಂಗಡವಾಗಿ ಕಟ್ಟಿಸಿಕೊಂಡರು. ಡಾಕ್ಟರ್ ಎಲ್ಲಿ ಅಂದೆ, "ಬಂದು ಹೋಗ್ತಾರೆ" ಅಂದರು. ಬಾಗಿಲಲ್ಲಿ ಬ್ಯಾಗ್ ಪರೀಕ್ಷೆ ಮಾಡಿದವನು ತಮ್ಮನ ಹಳೆಯ ಚೀಟಿ ತೆಗೆದು ನೋಡಿದ. ಮೆಥಡೋನ್ ಡೋಸ್ ಬರೆದಿದ್ದ ಚೀಟಿ. ನಾಲ್ಕಾಗಿ ಮಡಿಸಿ, ಟೇಬಲ್ ಕೆಳಗಿನ ಬುಟ್ಟಿಗೆ ಹಾಕಿ, "ಇನ್ಮೇಲೆ ಇದರ ಅಗತ್ಯ ಇಲ್ಲ ಮೇಡಂ" ಅಂತ ನಕ್ಕ. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಹೊಟ್ಟೆ ತೊಳೆಸುತ್ತದೆ.

ಒಳಗೆ ಏನಾಯಿತು ಅಂತ ಆಮೇಲೆ ಅವನೇ ಹೇಳಿದ. ಹೆರಾಯಿನ್ ಥರದ್ದು ನಿಲ್ಲಿಸಿದರೆ ಕೊನೆಯ ಸಲ ತೆಗೆದುಕೊಂಡ 8ರಿಂದ 12 ಗಂಟೆಯಲ್ಲಿ ಆಕಳಿಕೆ, ಕಣ್ಣು ಮೂಗಲ್ಲಿ ನೀರು ಶುರುವಾಗುತ್ತದೆ. ಎರಡನೇ ಮೂರನೇ ದಿನ ಅದರ ತಾರಕ. ವಾಂತಿ, ಭೇದಿ, ಮೂಳೆಯೊಳಗೇ ನೋವು, ಕಾಲು ತಾನಾಗೇ ಒದೆಯುವುದು. ಒಂದು ವಾರದಲ್ಲಿ ಇಳಿಯುತ್ತದೆ. ಇದನ್ನು ತಗ್ಗಿಸಲು ಔಷಧಿ ಇದೆ, ಆದರೆ ಅವರು ಕೊಟ್ಟಿದ್ದು ಒಂದು ಬಕೆಟ್ಟು ಮತ್ತು ಬುದ್ಧಿಮಾತು. ವಾಂತಿ ಭೇದಿ ಜಾಸ್ತಿಯಾಗಿ, ನೀರಿನಂಶ ಹೋಗಿ ಜೀವ ಹೋಗುವುದೂ ಉಂಟು. ಪಕ್ಕದ ಹಾಸಿಗೆಯವನಿಗೆ ಮೂರು ದಿನ ಒಂದು ಲೋಟ ನೀರೂ ನಿಲ್ಲಲಿಲ್ಲವಂತೆ.

21ನೇ ದಿನ ಸರ್ಟಿಫಿಕೇಟ್ ಕೊಟ್ಟರು, ಚಪ್ಪಾಳೆ ಹೊಡೆದರು, ಫೋಟೋ ತೆಗೆದರು. ಮುಂದೆ ಯಾರ ಹತ್ತಿರ ತೋರಿಸಬೇಕು ಅಂತ ಒಂದು ಸಾಲು ಬರೆದುಕೊಡಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ: ಮೂರು ವಾರ ಬಿಟ್ಟ ಮೈಗೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಆಸೆ ಮಾತ್ರ ಹಾಗೇ ಇರುತ್ತದೆ. ಇಂಥ ಕಡೆಯಿಂದ, ಜೈಲಿನಿಂದ, ಆಸ್ಪತ್ರೆಯಿಂದ ಹೊರಬಂದ ಮೊದಲ ಕೆಲವು ವಾರಗಳಲ್ಲೇ ಓವರ್‌ಡೋಸ್ ಸಾವು ವಿಪರೀತ. ಇದೇನೂ ಗುಟ್ಟಲ್ಲ, ಈ ಕೆಲಸದಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಮಾತು.

ಮತ್ತೆ ಆ ರಾತ್ರಿಗೆ ಬರುತ್ತೇನೆ. ಗೊರಕೆಯ ನಡುವೆ ಗೊಳಗೊಳ ಅಂತ ಒಂದು ಸದ್ದು ಬಂತು, ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ. ಆಮೇಲೆ ಸದ್ದೇ ಇಲ್ಲ. ಎದ್ದು ಹೋಗಿ ಲೈಟ್ ಹಾಕಿದೆ. ತುಟಿ ಬೂದಿ ಬಣ್ಣ, ಉಗುರು ನೀಲಿ. ಅಲುಗಾಡಿಸಿದೆ, ಕೆನ್ನೆಗೆ ಹೊಡೆದೆ. ರೆಪ್ಪೆ ಎತ್ತಿದರೆ ಪಾಪೆ ಸೂಜಿಮೊನೆಯಷ್ಟು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಏನು ತೆಗೆದುಕೊಂಡಿದ್ದಾನೆ ಅಂತ ಕೇಳಿದರು. ನಾಚಿಕೆಯಿಂದ ಒಂದು ಕ್ಷಣ ಸುಮ್ಮನಾದೆ, ಆಮೇಲೆ ಹೇಳಿದೆ. ಆ ಕ್ಷಣವನ್ನು ನೀವು ವ್ಯರ್ಥ ಮಾಡಬೇಡಿ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಂದರಂತೆ ಉಸಿರು ಊದಲು ಫೋನಲ್ಲೇ ಹೇಳಿಕೊಟ್ಟರು. ಊದಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.

ಬಂದವರು ನಲೋಕ್ಸೋನ್ ಕೊಟ್ಟರು, ಅಫೀಮಿನ ಜಾತಿಯ ಓವರ್‌ಡೋಸನ್ನು ಇಳಿಸುವ ಔಷಧಿ. ಕೆಲವೇ ನಿಮಿಷದಲ್ಲಿ ಕಣ್ಣು ಬಿಟ್ಟ. ಅಬ್ಬಾ, ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತಿಗೆ ಮತ್ತೆ ಜೋಲಿಹೊಡೆಯಲು ಶುರುಮಾಡಿದ. ನಲೋಕ್ಸೋನಿನ ಕೆಲಸ ಸುಮಾರು 30ರಿಂದ 90 ನಿಮಿಷ, ಮೈಯಲ್ಲಿರುವ ವಿಷ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ಎರಡನೇ ಡೋಸ್ ಬೇಕಾಯಿತು. ಎಚ್ಚರವಾದ ಅಂತ ಅಲ್ಲಿಂದಲೇ ಮನೆಗೆ ಕರೆದುಕೊಂಡು ಹೋಗಿದ್ದರೆ ಇವತ್ತು ಈ ಬರಹ ಬೇರೆ ಥರ ಇರುತ್ತಿತ್ತು.

ಅಲ್ಲಿನ ನರ್ಸ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಬಿಡಿಸಿದ್ದಾರೆ ಸರಿ, ಬಿಡಿಸಿದ ಮೇಲೆ ಏನು ಕೊಟ್ಟರು?" ಅಂದರು. ಸರ್ಟಿಫಿಕೇಟ್ ಅಂದೆ. ಅವರು ಏನೂ ಮಾತಾಡಲಿಲ್ಲ. ಮನೆಗೆ ಹತ್ತಿರದ ಒಂದು ಸಾಮಾನ್ಯ ಕ್ಲಿನಿಕ್ಕಿನ ವಿಳಾಸ ಬರೆದುಕೊಟ್ಟರು. ಜ್ವರ, ಕೆಮ್ಮು, ಮಕ್ಕಳ ಲಸಿಕೆ ನೋಡುವ ಕ್ಲಿನಿಕ್. ಸಂಜೆಯೂ ತೆರೆದಿರುತ್ತದೆ. ಅಲ್ಲಿನ ಡಾಕ್ಟರು ಬ್ಯುಪ್ರೆನಾರ್ಫಿನ್ ಕೊಡುತ್ತಾರೆ, ಮೆಥಡೋನ್ ಥರವೇ ಈ ಚಟಕ್ಕೆ ಕೊಡುವ ಮಾತ್ರೆ.

ನನಗೆ ಅಚ್ಚರಿಯಾಯಿತು. ಇದಕ್ಕೆಲ್ಲ ದೊಡ್ಡ ಗೋಡೆ, ಗೇಟು, ಕಾವಲುಗಾರ ಬೇಕು ಅಂತಲೇ ನಂಬಿದ್ದೆ ಅಲ್ವಾ. ಫ್ರಾನ್ಸ್‌ನಲ್ಲಿ 1990ರ ದಶಕದ ಮಧ್ಯದಲ್ಲೇ ಸಾಮಾನ್ಯ ವೈದ್ಯರು ಈ ಮಾತ್ರೆ ಬರೆಯಲು ಶುರುಮಾಡಿದರು, ಕೆಲವೇ ವರ್ಷಗಳಲ್ಲಿ ಅಲ್ಲಿ ಓವರ್‌ಡೋಸ್ ಸಾವು ಸುಮಾರು ಮುಕ್ಕಾಲು ಪಾಲು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್ 2005ರಲ್ಲೇ ಸೇರಿವೆ. ಆ ಬಾಗಿಲಿನವನು ಬುಟ್ಟಿಗೆ ಹಾಕಿದ್ದು ಇದನ್ನು.

ಡಾಕ್ಟರು ಮೊದಲ ದಿನ ಹೇಳಿದ್ದು, ಕೊನೆಯ ಸಲ ತೆಗೆದುಕೊಂಡು ಕನಿಷ್ಠ 12 ಗಂಟೆ ಆಗಿ, ನಡುಕ, ಆಕಳಿಕೆ ಕಾಣಿಸಿಕೊಂಡ ಮೇಲೇ ಬಾ ಅಂತ. ಈ ಮಾತ್ರೆ ಮಿದುಳಿನಲ್ಲಿ ಅಫೀಮು ಕೂರುವ ಜಾಗದಲ್ಲೇ ಗಟ್ಟಿಯಾಗಿ ಕೂರುತ್ತದೆ. ಬೇಗ ಕೊಟ್ಟರೆ ಅಲ್ಲಿದ್ದದ್ದನ್ನು ಒಮ್ಮೆಲೇ ತಳ್ಳಿಹಾಕಿ, ಸಂಕಟವನ್ನು ಎರಡರಷ್ಟು ಮಾಡಿಬಿಡುತ್ತದೆ. ಮೆಥಡೋನ್ ಥರದ ನಿಧಾನದ್ದಾದರೆ ಇನ್ನೂ ಜಾಸ್ತಿ ಕಾಯಬೇಕು. ಸ್ನೇಹಿತನ ಹತ್ತಿರ ಇದೆ ಅಂತ ಇಸಿದುಕೊಂಡು ನುಂಗಿ, "ಅದು ನನಗೆ ಆಗಲ್ಲ" ಅನ್ನುವವರು ಎಡವುವುದು ಬಹಳ ಸಲ ಇಲ್ಲೇ. ಅಂದಹಾಗೆ ನುಂಗುವ ಮಾತ್ರೆಯೂ ಅಲ್ಲ ಅದು. ನಾಲಿಗೆ ಕೆಳಗಿಟ್ಟು ಪೂರ್ತಿ ಕರಗಿಸಬೇಕು, ಮಾತಾಡಬಾರದು. ಆಮೇಲೆ ನೀರಲ್ಲಿ ಬಾಯಿ ಮುಕ್ಕಳಿಸಬೇಕು, ಹಲ್ಲು ಹಾಳಾಗುತ್ತದೆ. ಒಂದು ಗಂಟೆ ಬ್ರಷ್ ಮಾಡುವಂತಿಲ್ಲ. ಇನ್ನೊಂದು, ಹೆಂಡ ಅಥವಾ ನಿದ್ದೆ ಮಾತ್ರೆ ಜೊತೆಗೆ ಸೇರಿದರೆ ಇದೂ ಅಪಾಯವೇ. ಮೊದಲ ಮಾತ್ರೆ ಕರಗುವಷ್ಟು ಹೊತ್ತು ತಮ್ಮ ಗೋಡೆಯ ಗಡಿಯಾರವನ್ನೇ ನೋಡುತ್ತಾ ಕೂತಿದ್ದ. ಮುಕ್ಕಾಲು ಗಂಟೆಗೆ ಕಾಲು ಅಲುಗಾಡುವುದು ನಿಂತಿತು. "ಅಕ್ಕಾ, ಹಸಿವಾಗ್ತಿದೆ" ಅಂದ.

"ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಿರಿ" ಅಂತ ದೊಡ್ಡಪ್ಪ ಈಗಲೂ ಅನ್ನುತ್ತಾರೆ. ಎಷ್ಟು ದಿನ ತಗೋಬೇಕು ಅಂತ ನಾನೂ ಡಾಕ್ಟರನ್ನು ಪೀಡಿಸಿದ್ದೇನೆ. ಅವರು ತಾರೀಕು ಕೊಡುವುದಿಲ್ಲ. ಈ ಔಷಧಿ ಮೇಲಿರುವಾಗ ಸಾವಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ, ನಿಲ್ಲಿಸಿದ ಮೊದಲ ತಿಂಗಳಲ್ಲಿ ಮತ್ತೆ ಏರುತ್ತದೆ, ಅದಕ್ಕೇ ಆತುರ ಬೇಡ ಅನ್ನುತ್ತಾರೆ. ನಡುವೆ ಒಮ್ಮೆ ತಮ್ಮ ಎಡವಿದ. ನಡುಗುತ್ತಲೇ ಹೋಗಿ ಹೇಳಿಕೊಂಡ. ಇಲ್ಲಿ ಹೆಸರು ಹೊಡೆಯಲಿಲ್ಲ. ಡೋಸ್ ಏರಿಸಿ, ವಾರಕ್ಕೊಮ್ಮೆ ಬರುತ್ತಿದ್ದವನನ್ನು ಎರಡು ಸಲ ಬರಹೇಳಿದರು.

ಹಾಗಾಗಿ ಯಾರಾದರೂ ನಿಮ್ಮವರನ್ನು ಎಲ್ಲಾದರೂ ಸೇರಿಸುವ ಮುಂಚೆ ಫೋನಲ್ಲೇ ಕೇಳಿ: ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುತ್ತೀರಾ, ಹೊರಗೆ ಬಂದಮೇಲೆ ಮಾರನೇ ದಿನದ ಡೋಸ್ ಎಲ್ಲಿ ಸಿಗುತ್ತದೆ, ಮನೆಗೆ ಕಳಿಸುವಾಗ ನಲೋಕ್ಸೋನ್ ಕೊಡುತ್ತೀರಾ, ಒಂದೆರಡು ದಿನ ತಪ್ಪಿದರೆ ಏನು ಮಾಡುತ್ತೀರಿ. ಮೊದಲ ಪ್ರಶ್ನೆಗೇ "ನಾವು ಔಷಧಿ ಇಲ್ಲದೆ ಬಿಡಿಸುತ್ತೇವೆ" ಅಂತ ಹೆಮ್ಮೆಯಿಂದ ಹೇಳಿದರೆ ಉಳಿದದ್ದು ಕೇಳುವ ಕಷ್ಟ ಬೇಡ, ಫೋನ್ ಇಡಿ.

ಆ ಕೇಂದ್ರದವರು ಎರಡು ತಿಂಗಳ ಹಿಂದೆ ತಾವಾಗೇ ಕರೆ ಮಾಡಿದ್ದರು. ನಡೆದದ್ದೆಲ್ಲ ಹೇಳಿದೆ. "ಮನಸ್ಸು ಗಟ್ಟಿ ಇಲ್ಲ ಮೇಡಂ ಅವರಿಗೆ. ಮತ್ತೆ ಕರ್ಕೊಂಡು ಬನ್ನಿ, ಎರಡನೇ ಸಲಕ್ಕೆ ರಿಯಾಯಿತಿ ಇದೆ" ಅಂದರು. ಅವರ ಗೋಡೆಯ ಮೇಲೆ ತಮ್ಮನ ಫೋಟೋ ಇನ್ನೂ ಇದೆಯಂತೆ, ಸರ್ಟಿಫಿಕೇಟ್ ಹಿಡಿದು ನಿಂತದ್ದು. ತೆಗೆಯಿರಿ ಅಂತ ಎರಡು ಸಲ ಕೇಳಿದೆ, ತೆಗೆದಿಲ್ಲ.

ನಲೋಕ್ಸೋನ್ ಸ್ಪ್ರೇ ಈಗ ಹಾಲ್‌ನ ಕಪಾಟಿನಲ್ಲಿ, ಎಲ್ಲರ ಕೈಗೆ ಸಿಗುವ ಹಾಗಿದೆ. ಎರಡು ಡೋಸ್. ಹೇಗೆ ಹಾಕಬೇಕು ಅಂತ ಅಮ್ಮನಿಗೆ ತಮ್ಮನೇ ಕೂತು ಹೇಳಿಕೊಟ್ಟ. ಮುಂದಿನ ತಿಂಗಳು ಅದರ ಎಕ್ಸ್‌ಪೈರಿ, ಬದಲಾಯಿಸಬೇಕು.